ನ್ಯಾಶ್‌ವಿಲ್‌ನಲ್ಲಿ ಎರಡು ದಿನ

ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ಗೆ ವಾರಾಂತ್ಯದಲ್ಲಿ ಆರ್‌ವಿ ತೆಗೆದುಕೊಂಡು ಹೋಗುವವರು ಬಹಳ. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ಈ ಮೋಟಾರು ಮನೆ ಕಂಟ್ರಿ ಸಂಗೀತದ ಊರಿಗೆ ಹೊಂದುವ ವಾಹನವೇ. ಆ ಹಾಡುಗಾರರ ಅರ್ಧ ಆಯುಷ್ಯ ಕಳೆಯುವುದು ರಸ್ತೆಯ ಮೇಲೆ. ಅವರಲ್ಲೊಬ್ಬರಾದ ಹ್ಯಾಂಕ್ ವಿಲಿಯಮ್ಸ್ 1953ರ ಜನವರಿ 1ರಂದು ಕಾರ್ಯಕ್ರಮಕ್ಕೆ ಹೊರಟಿದ್ದಾಗ ಕಾರಿನ ಹಿಂದಿನ ಸೀಟಿನಲ್ಲೇ ತೀರಿಕೊಂಡರು. ಆದರೂ ಈ ಪ್ರವಾಸ ರೂಢಿಯಾಗಿ ನಡೆಯುವ ಬಗೆಗೆ ನನ್ನ ತಕರಾರಿದೆ.

ಊರಾಚೆಯ ಮ್ಯೂಸಿಕ್ ವ್ಯಾಲಿ ಕ್ಯಾಂಪಿನಲ್ಲಿ ಗಾಡಿ ನಿಲ್ಲಿಸಿ, ಕರೆಂಟು, ನೀರಿನ ಪೈಪು ಜೋಡಿಸಿದ್ದೇ ತಡ, ಎಲ್ಲರೂ ಟ್ಯಾಕ್ಸಿ ಹಿಡಿದು ಪೇಟೆಯ ಬ್ರಾಡ್‌ವೇಗೆ ಓಡುತ್ತಾರೆ. ಅಲ್ಲಿ ಬಾರುಗಳದೇ ಸಾಲು. ಹೆಚ್ಚಿನ ಕಡೆ ಬಾಗಿಲಲ್ಲಿ ಟಿಕೆಟ್ ಇಲ್ಲ, ಹಗಲಿನಿಂದ ನಡುರಾತ್ರಿಯವರೆಗೂ ವಾದ್ಯ ನಿಲ್ಲುವುದಿಲ್ಲ. ವೇದಿಕೆಯ ಮುಂದೆ ಟಿಪ್ಸಿನ ಬಕೆಟ್. ದುಡ್ಡು ಹಾಕಿದವರು ಕೇಳುವುದು ಎಲ್ಲರಿಗೂ ಬಾಯಿಪಾಠವಾಗಿರುವ ಹಾಡನ್ನೇ, ಹೊಟ್ಟೆಪಾಡಿಗೆ ಅದನ್ನೇ ನುಡಿಸಬೇಕು. ನುಡಿಸುವವರ ಕೈ ಅಸಾಧಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಟ್ರಿ ಹಾಡಿನ ಜೀವ ಇರುವುದು ಅದು ಹೇಳುವ ಕಥೆಯಲ್ಲಿ. ಆ ಗದ್ದಲದಲ್ಲಿ ಕಥೆ ಯಾರ ಕಿವಿಗೂ ಬೀಳುವುದಿಲ್ಲ.

ಕಥೆ ಕೇಳಿಸುವ ಜಾಗಗಳು ಬೇರೆ. 1982ರಲ್ಲಿ ಶುರುವಾದ ಬ್ಲೂಬರ್ಡ್ ಕೆಫೆ ಅಂಗಡಿಸಾಲಿನ ನಡುವಿನ ಪುಟ್ಟ ಜಾಗ. ಹಾಡು ಬರೆದವರೇ ನಡುವೆ ದುಂಡಗೆ ಕೂತು ಒಬ್ಬರಾದ ಮೇಲೊಬ್ಬರು ಹಾಡುತ್ತಾರೆ. ಸುತ್ತ ಕೂತವರು ಪಿಸುಗುಟ್ಟುವ ಹಾಗೂ ಇಲ್ಲ. 1892ರಲ್ಲಿ ಪ್ರಾರ್ಥನಾ ಮಂದಿರವಾಗಿ ತೆರೆದ ರೈಮನ್ ಸಭಾಂಗಣದಲ್ಲಿ ಈಗಲೂ ಚರ್ಚಿನ ಮರದ ಬೆಂಚುಗಳೇ ಇವೆ. 1925ರಲ್ಲಿ ಹುಟ್ಟಿದ ಗ್ರ್ಯಾಂಡ್ ಓಲ್ ಆಪ್ರಿ ಎಂಬ ರೇಡಿಯೊ ಕಾರ್ಯಕ್ರಮ 1943ರಿಂದ 1974ರವರೆಗೆ ನಡೆದದ್ದು ಇಲ್ಲೇ. ಅನಂತರ ಅದು ಸ್ವಂತ ರಂಗಮಂದಿರಕ್ಕೆ ಹೋದಾಗ, ರೈಮನ್ ವೇದಿಕೆಯಿಂದ ಆರಡಿ ಅಗಲದ ಮರದ ವೃತ್ತವೊಂದನ್ನು ಕೊರೆದು ಹೊಸ ವೇದಿಕೆಯಲ್ಲಿ ಕೂರಿಸಿದರು. ಹಾಡುಗಾರರು ಅದರ ಮೇಲೆ ನಿಂತೇ ಹಾಡುತ್ತಾರೆ. ಪಕ್ಕದಲ್ಲಿ ನಿರೂಪಕರು ಜಾಹೀರಾತು ಓದುತ್ತಾರೆ. ಹೊಸಬರು, ಹಿರಿಯರು ಎಲ್ಲರಿಗೂ ಎರಡು ಮೂರೇ ಹಾಡು. ಈ ರಂಗಮಂದಿರ ಇರುವುದು ಮ್ಯೂಸಿಕ್ ವ್ಯಾಲಿಯ ಪಕ್ಕದಲ್ಲೇ! ಆರ್‌ವಿಯವರು ಅದರ ಮಗ್ಗುಲಲ್ಲಿ ಮಲಗಿ, ಅದನ್ನು ದಾಟಿ ಬ್ರಾಡ್‌ವೇಗೆ ಹೋಗುತ್ತಾರೆ.

ಇನ್ನೂ ದೊಡ್ಡ ಕೊರತೆ ಡಿಫೋರ್ಡ್ ಬೇಲಿ ಅವರ ಹೆಸರೇ ಕೇಳದೆ ಊರು ಬಿಡುವುದು. ಮೌತ್ ಆರ್ಗನ್‌ನಲ್ಲಿ ರೈಲನ್ನೇ ಓಡಿಸುತ್ತಿದ್ದ ಈ ಕರಿಯ ಕಲಾವಿದ ಆಪ್ರಿಯ ಮೊದಲ ತಾರೆಗಳಲ್ಲಿ ಒಬ್ಬರು. 1927ರಲ್ಲಿ ಕಾರ್ಯಕ್ರಮಕ್ಕೆ ಆ ಹೆಸರು ಬಿದ್ದದ್ದೂ ಅವರ ರೈಲಿನ ನುಡಿಸಾಣಿಕೆಯ ಹೊತ್ತಿನಲ್ಲೇ. ತಂಡದೊಂದಿಗೆ ಊರೂರು ತಿರುಗುವಾಗ ಬಿಳಿಯರ ಹೋಟೆಲುಗಳು ಅವರಿಗೆ ಕೋಣೆ ಕೊಡುತ್ತಿರಲಿಲ್ಲ. 1941ರಲ್ಲಿ ಕಾರ್ಯಕ್ರಮದಿಂದಲೇ ತೆಗೆದುಹಾಕಿದರು. ಬೂಟ್ ಪಾಲಿಶ್ ಅಂಗಡಿ ಅವರನ್ನು ಸಾಕಿತು. ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್‌ಗೆ ಅವರು ಸೇರಿದ್ದು 2005ರಲ್ಲಿ, ತೀರಿಕೊಂಡು 23 ವರ್ಷವಾದ ಮೇಲೆ. ಹಾಸಿಗೆಯನ್ನು ಜೊತೆಗೇ ತಂದು ಎಲ್ಲಿ ಬೇಕಾದರೂ ಮಲಗುವ ಪ್ರವಾಸಿಗೆ ಈ ಸಂಗತಿ ತಟ್ಟಲೇಬೇಕು.

2021ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಸಂಗೀತದ ರಾಷ್ಟ್ರೀಯ ಮ್ಯೂಸಿಯಂ ಇರುವುದು ಆ ಬ್ರಾಡ್‌ವೇಯಲ್ಲೇ. ಶನಿವಾರದ ಹಗಲನ್ನು ಅದಕ್ಕೂ ರೈಮನ್‌ಗೂ ಕೊಡಿ. ಬಾರಿಗೆ ಹೋದರೆ ಬಕೆಟ್ಟಿಗೆ ಧಾರಾಳವಾಗಿ ಹಾಕಿ, ಸಂಜೆಗೆ ಆಪ್ರಿಯ ಟಿಕೆಟ್ ಮೊದಲೇ ತೆಗೆದಿಟ್ಟುಕೊಳ್ಳಿ.