ಹೊತ್ತು ಮುಳುಗುವ ಮೊದಲು

ನನ್ನ ಮಗಳು ಈಚೆಗೆ ಒಬ್ಬಳೇ ಗೋಕರ್ಣಕ್ಕೆ ಹೋಗಿ ಬಂದಳು. ಹೋಗುವ ಮೊದಲು ಹೇಳಲಿಲ್ಲ, ಹೋದ ಮೇಲೆ ಫೋನು ಮಾಡಿದಳು. ಜೊತೆಗೆ ಯಾರಿದ್ದಾರೆ ಎಂದೆ. ಯಾರೂ ಇಲ್ಲ ಎಂದಳು. ದೇವರ ದರ್ಶನವಾಯಿತೇ ಎಂದೆ. ನಾಳೆ ಎಂದಳು. "ಹೊತ್ತು ಮುಳುಗೋದ್ರೊಳಗೆ ರೂಮು ಸೇರ್ಕೊಳ್ಳೇ" ಎಂದೆ. "ಅಮ್ಮಾ, ಹೊತ್ತು ಮುಳುಗೋದನ್ನ ನೋಡೋಕೇ ಅಲ್ವಾ ಇಷ್ಟು ದೂರ ಬಂದಿರೋದು" ಎಂದು ಫೋನಿಟ್ಟಳು. ಎರಡು ವಾರ ನಮ್ಮಿಬ್ಬರ ನಡುವೆ ಸರಿಯಾದ ಮಾತಿಲ್ಲ. ಆಮೇಲೆ ಹಬ್ಬಕ್ಕೆ ತಿಪಟೂರಿಗೆ ಬಂದವಳು, ರಾತ್ರಿ ಊಟವಾದ ಮೇಲೆ ತನ್ನ ಕಂಪ್ಯೂಟರನ್ನು ನಡುಮನೆಯ ದಿವಾನದ ಮೇಲಿಟ್ಟು, "ಒಂದು ಸಿನಿಮಾ ನೋಡು, ಆಮೇಲೆ ಬೈಯುವಿಯಂತೆ" ಎಂದಳು.

ಫ್ರೆಂಚ್ ಚಿತ್ರ. 'ಹಸಿರು ಕಿರಣ' ಎಂದು ಅದರ ಹೆಸರಿನ ಅರ್ಥ. ಎರಿಕ್ ರೋಮರ್ ಎಂಬ ನಿರ್ದೇಶಕ ತೆಗೆದದ್ದು. 1986ರ ವೆನಿಸ್ ಚಿತ್ರೋತ್ಸವದಲ್ಲಿ ಅಲ್ಲಿನ ಮೊದಲ ಪ್ರಶಸ್ತಿಯಾದ 'ಚಿನ್ನದ ಸಿಂಹ' ಇದಕ್ಕೆ ಬಂತು. ಡೆಲ್ಫಿನ್ ಎಂಬ ಹುಡುಗಿ ಪ್ಯಾರಿಸ್ಸಿನ ಒಂದು ಆಫೀಸಿನಲ್ಲಿ ಕೆಲಸದಲ್ಲಿದ್ದಾಳೆ. ಬೇಸಿಗೆ ರಜಕ್ಕೆ ಜೊತೆಯಲ್ಲಿ ಹೊರಡಬೇಕಿದ್ದ ಗೆಳತಿ ಕೊನೆಗಳಿಗೆಯಲ್ಲಿ ಕೈಕೊಡುತ್ತಾಳೆ. ಇವಳು ಒಬ್ಬಳೇ ಉಳಿಯುತ್ತಾಳೆ. ಉತ್ತರದ ಕಡಲೂರು ಶೆರ್ಬೂರಿಗೆ ಹೋಗಿ ಹಿಂದಿರುಗುತ್ತಾಳೆ, ಆಲ್ಪ್ಸ್ ಬೆಟ್ಟಕ್ಕೆ ಹೋಗಿ ಅದೇ ದಿನ ವಾಪಸಾಗುತ್ತಾಳೆ, ಕೊನೆಗೆ ತೆಂಕಣದ ಬಿಯಾರಿಟ್ಸ್ ಎಂಬ ಕಡಲೂರಿನಲ್ಲಿ ತಂಗುತ್ತಾಳೆ. ಎಲ್ಲಿಯೂ ಮನಸ್ಸು ನಿಲ್ಲದು. ನಡುನಡುವೆ ತಾರೀಕನ್ನು ಬರೆದ ಚೀಟಿಯೊಂದು ತೆರೆಯ ಮೇಲೆ ಬರುತ್ತದೆ. ರಜ ಒಂದೊಂದೇ ದಿನ ಕರಗುತ್ತಿದೆ ಎಂದು ನಮಗೆ ಗೊತ್ತಾಗುವುದು ಹೀಗೆ.

ಮೊದಲ ಅರ್ಧ ಗಂಟೆ ನನಗೆ ಕೋಪವೇ ಬಂತು. ಸಂಬಳ ಸಹಿತ ರಜ ಕೊಟ್ಟಿದ್ದಾರೆ, ಕೈಯಲ್ಲಿ ದುಡ್ಡಿದೆ, ಕಾಯಿಸಬೇಕಾದ ಹಾಲಿಲ್ಲ, ಮಾತ್ರೆ ಕೊಡಬೇಕಾದ ಅತ್ತೆಯಿಲ್ಲ. ಇವಳಿಗೆ ಅಳು ಯಾತಕ್ಕೆ? ಫ್ರಾನ್ಸಿನಲ್ಲಿ ದುಡಿಯುವ ಎಲ್ಲರಿಗೂ ಸಂಬಳದ ರಜ ಸಿಗಬೇಕೆಂದು 1936ರಲ್ಲೇ ಕಾನೂನು ಬಂತು. ಆಗ ಎರಡು ವಾರವಿದ್ದದ್ದು 1982ರ ಹೊತ್ತಿಗೆ ಐದು ವಾರವಾಗಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಿಗೆ ಐದು ವಾರ ಬಿಡಿ, ಐದು ದಿನ ಬೀಗ ಹಾಕಿ ಹೊರಡುವುದೇ ಕಷ್ಟ. ಕಾಯಿ ಕೆಡವುವವರು ಬರುತ್ತಾರೆ, ಕರೆಂಟು ಬಂದ ಹೊತ್ತಿಗೆ ಮೋಟಾರು ಹಾಕಬೇಕು, ಸುಲಿಯುವವರಿಗೆ ಕಾಫಿ ತಿಂಡಿ ಆಗಬೇಕು. ನಮ್ಮ ಕಡೆ ರಜ ಇರುವುದು ಕೊಬ್ಬರಿಗೆ ಮಾತ್ರ. ಮರದಿಂದಿಳಿದ ಕಾಯಿ ಅಟ್ಟವೇರಿ ಹತ್ತು ಹನ್ನೊಂದು ತಿಂಗಳು ಯಾರ ಗೊಡವೆಯೂ ಇಲ್ಲದೆ ಕೂರುತ್ತದೆ. ಒಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಟಗಟ ಎಂದಾಗಲೇ ಅದನ್ನು ಕೆಳಗಿಳಿಸುವುದು. ಉಂಡೆ ಕೊಬ್ಬರಿಯಾಗಿ ಉತ್ತರದೇಶಕ್ಕೆ ಪ್ರಯಾಣ ಹೋಗುವುದೂ ಅದೇ.

ಕೋಪ ಇಳಿದದ್ದು ಊಟದ ಮೇಜಿನ ದೃಶ್ಯದಲ್ಲಿ. ಶೆರ್ಬೂರಿನಲ್ಲಿ ಎಲ್ಲರೂ ಮಾಂಸದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾರೆ, ಡೆಲ್ಫಿನ್ ಒಲ್ಲೆ ಎನ್ನುತ್ತಾಳೆ. ಶುರುವಾಯಿತು ನೋಡಿ. ಯಾಕೆ? ಏನು ಕಾರಣ? ಹಾಗಾದರೆ ಗಿಡಕ್ಕೆ ಜೀವವಿಲ್ಲವೇ? ಯಾರೂ ಕೆಟ್ಟವರಲ್ಲ, ನಗುನಗುತ್ತಲೇ ಕೇಳುತ್ತಾರೆ. ಇವಳು ವಿವರಿಸುತ್ತಾ ವಿವರಿಸುತ್ತಾ ಇನ್ನಷ್ಟು ಒಂಟಿಯಾಗುತ್ತಾಳೆ. ಈ ಮಾತುಗಳನ್ನು ನಟರು ಅಲ್ಲೇ ಕಟ್ಟಿಕೊಂಡು ಆಡಿದ್ದಂತೆ. ಅದಕ್ಕೇ ಇರಬೇಕು, ನಮ್ಮ ಮದುವೆ ಮನೆಗಳ ಪಂಕ್ತಿಯಲ್ಲಿ ಕೇಳಿದಂತೆಯೇ ಕೇಳಿಸುತ್ತದೆ. "ಇನ್ನೂ ಮದುವೆ ಆಗ್ಲಿಲ್ವಾ, ಯಾಕೆ?" ಎಂದು ನನ್ನ ಮಗಳನ್ನು ಕೇಳುವವರೂ ಕೆಟ್ಟವರಲ್ಲ. ಊಟವಾದ ಮೇಲೆ ಇನ್ನೊಂದು ದಿನ ಹುಡುಗಿ ಬೇಲಿಸಾಲಿನ ದಾರಿಯಲ್ಲಿ ಒಬ್ಬಳೇ ನಡೆದು ಹೋಗಿ, ಗಾಳಿಗೆ ಮರಗಳು ಹೊಯ್ದಾಡುವಾಗ ನಿಂತು ಅಳುತ್ತಾಳೆ. ಹಿನ್ನೆಲೆ ಸಂಗೀತವಿಲ್ಲ, ಗಾಳಿಯ ಸದ್ದು ಅಷ್ಟೇ. ಇಂಥ ಅಳು ನಮ್ಮ ಚಿತ್ರಗಳಲ್ಲಿ ಅಪರೂಪ. ನಮ್ಮಲ್ಲಿ ನಾಯಕಿ ಅತ್ತರೆ ಅದಕ್ಕೊಂದು ಕಾರಣವನ್ನು ಕಥೆಗಾರರು ಮೊದಲೇ ಒದಗಿಸಿರುತ್ತಾರೆ.

ಬಿಯಾರಿಟ್ಸಿನಲ್ಲಿ ಗಂಡಸರಿಬ್ಬರು ಸಲಿಗೆಯಿಂದ ಮಾತಿಗೆ ಬಂದು ಕೂರುವ ದೃಶ್ಯವೊಂದಿದೆ. ಜೊತೆಗಿದ್ದ ಸ್ವೀಡನ್ನಿನ ಹುಡುಗಿ ಅವರನ್ನು ಆಟವಾಡಿಸುತ್ತಾಳೆ, ಡೆಲ್ಫಿನ್ ಎದ್ದು ಓಡಿಬಿಡುತ್ತಾಳೆ. ಮಗಳು ಇದನ್ನು ತಮಾಷೆಯ ದೃಶ್ಯ ಎಂದಳು. ನಾನು ಉಸಿರು ಬಿಗಿಹಿಡಿದು ನೋಡಿದೆ. ಹೆಣ್ಣುಮಗಳು ಒಬ್ಬಳೇ ರಜ ಕಳೆಯುವ ಕಥೆ ಬರೆಯುವವರು ಈ ಓಟವನ್ನು ಬಿಟ್ಟು ಬರೆದರೆ ಅದು ಸುಳ್ಳು. ರೋಮರ್ ಬಿಟ್ಟಿಲ್ಲ. ಇದನ್ನು ಅವನ ಲೆಕ್ಕಕ್ಕೆ ಜಮಾ ಮಾಡಿಕೊಂಡೆ.

ಇನ್ನು ಹಸಿರು ಕಿರಣ. ದಡದಲ್ಲಿ ಕೂತ ಹಿರಿಯರು ಕೆಲವರು ಜೂಲ್ಸ್ ವರ್ನ್ ಇದೇ ಹೆಸರಿನಲ್ಲಿ 1882ರಲ್ಲಿ ಬರೆದ ಕಾದಂಬರಿಯ ಮಾತಾಡುತ್ತಿರುವುದು ಡೆಲ್ಫಿನ್‌ಳ ಕಿವಿಗೆ ಬೀಳುತ್ತದೆ. ಸೂರ್ಯ ಕಡಲಿನಲ್ಲಿ ಮುಳುಗುವ ಕೊನೆಯ ಕ್ಷಣದಲ್ಲಿ, ದಿಗಂತ ತಿಳಿಯಾಗಿದ್ದರೆ, ಅದರ ಮೇಲಂಚು ಹಸಿರಾಗಿ ಮಿಂಚುವುದುಂಟು. ಇದು ಕಟ್ಟುಕತೆಯಲ್ಲ. ಭೂಮಿಯ ಗಾಳಿಪದರ ಕೆಂಪಿಗಿಂತ ಹಸಿರನ್ನು ಒಂದಿಷ್ಟು ಹೆಚ್ಚು ಬಗ್ಗಿಸುತ್ತದೆ. ಹಾಗಾಗಿ ಕೆಂಪು ಮೊದಲು ಮುಳುಗಿ ಹಸಿರು ಕೊನೆಗೆ ಉಳಿಯುತ್ತದೆ, ನೀಲಿ ದಾರಿಯಲ್ಲೇ ಚೆದುರಿಹೋಗಿರುತ್ತದೆ. ಅದನ್ನು ಕಂಡವರಿಗೆ ತಮ್ಮ ಮನಸ್ಸೂ ಪರರ ಮನಸ್ಸೂ ತಿಳಿಯುತ್ತದೆ ಎಂಬುದು ಮಾತ್ರ ಕಾದಂಬರಿಯದು. ರಜದ ಕೊನೆಯ ದಿನ ಡೆಲ್ಫಿನ್ ಊರಿಗೆ ಹೊರಟು ರೈಲ್ವೆ ಸ್ಟೇಷನ್ನಿನಲ್ಲಿ ಪುಸ್ತಕ ಹಿಡಿದು ಕೂತಿರುತ್ತಾಳೆ. ಎದುರಿಗಿದ್ದ ಹುಡುಗನೊಬ್ಬ ಮಾತಾಡಿಸುತ್ತಾನೆ. ಪ್ಯಾರಿಸ್ಸಿಗೆ ಹೋಗಬೇಕಾದವಳು ಅವನ ಜೊತೆ ಹತ್ತಿರದ ಇನ್ನೊಂದು ಕಡಲೂರಿಗೆ ಹೋಗಿ, ದಿಬ್ಬದ ಮೇಲೆ ಕೂತು ಸೂರ್ಯ ಮುಳುಗುವುದನ್ನು ಕಾಯುತ್ತಾಳೆ.

ಅಲ್ಲಿಗೆ ಬಂದಾಗ ನನಗೆ ಮಲ್ಪೆ ನೆನಪಾಯಿತು.

2003ರ ದಸರಾ ರಜದಲ್ಲಿ ನಾವು ಹನ್ನೊಂದು ಜನ ವ್ಯಾನು ಮಾಡಿಕೊಂಡು ಹೋಗಿದ್ದೆವು. ಹಾಸನ ಮಂಗಳೂರು ರೈಲು ಆಗ ಹಳಿ ಬದಲಾವಣೆಗೆಂದು ನಿಂತಿತ್ತು. ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2007ರ ಕೊನೆಗೆ. ಸುಬ್ರಹ್ಮಣ್ಯ, ಧರ್ಮಸ್ಥಳ, ಉಡುಪಿ ಮುಗಿಸಿ ಕೊನೆಯ ದಿನ ಮಲ್ಪೆ. ಮಧ್ವಾಚಾರ್ಯರಿಗೆ ಕೃಷ್ಣನ ವಿಗ್ರಹ ಸಿಕ್ಕ ಕಡಲು ಎಂಬ ಕಾರಣಕ್ಕೆ ಅತ್ತೆಯವರು ಅದಕ್ಕೆ ಒಪ್ಪಿದ್ದರು. ಆದರೆ ಮೀನಿನ ವಾಸನೆಗೆ ಸೆರಗು ಮೂಗಿಗೆ ಹೋಯಿತು. ನಾನೂ ಹಾಗೇ ಮಾಡಿದೆ. ಬುಟ್ಟಿ ಇಳಿಸಿ ಕೂತಿದ್ದ ಮೊಗವೀರ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದಳು. ಶೆರ್ಬೂರಿನ ಮೇಜಿನ ಸುತ್ತ ಕೂತವರನ್ನು ಬೈದುಕೊಂಡೆನಲ್ಲ, ಅಲ್ಲಿ ಆ ಸಾಲಿನಲ್ಲಿ ಕೂತಿದ್ದವಳು ನಾನು.

ಗಂಡಸರು ಮಕ್ಕಳನ್ನು ಕರೆದುಕೊಂಡು ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋಗಿ ಬಂದರು. ನಾನು ಮತ್ತು ಓರಗಿತ್ತಿ ದಡದಲ್ಲಿ ಚಪ್ಪಲಿ, ಟವೆಲ್ಲು, ಉಳಿದ ಪುಳಿಯೋಗರೆ ಕಾಯುತ್ತಾ ಕೂತೆವು. ಬಂದ ಮಕ್ಕಳ ತಲೆ ಒರೆಸಿ, ಮರಳು ಕೊಡವಿ, ಒದ್ದೆ ಬಟ್ಟೆ ಹಿಂಡಿ ಗಂಟು ಕಟ್ಟುವಷ್ಟರಲ್ಲಿ ಮೂರೂಮುಕ್ಕಾಲು. ಶಿರಾಡಿ ಘಾಟಿಯಲ್ಲಿ ಗುಂಡಿಗಳು, ತಡವಾದರೆ ಕಷ್ಟ ಎಂದು ಡ್ರೈವರು ಅವಸರ ಮಾಡಿದ. ಬೆಳಿಗ್ಗೆ ತೋಟಕ್ಕೆ ಆಳು ಬರುತ್ತಾರೆ ಎಂದು ನಮ್ಮ ಯಜಮಾನರು ದನಿಗೂಡಿಸಿದರು. ಎರಡೂ ನಿಜವೇ. "ಸೂರ್ಯ ಮುಳುಗೋದು ನೋಡ್ಕೊಂಡು ಹೋಗೋಣ" ಎಂಬ ಮಾತು ನನ್ನ ನಾಲಿಗೆಯ ಮೇಲಿತ್ತು, ಆಡಲಿಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ತವರಿನಲ್ಲಿ ಹೊತ್ತು ಮುಳುಗುವ ಮೊದಲು ಮನೆ ಸೇರು ಎಂದು ಕೇಳಿಕೊಂಡೇ ಬೆಳೆದವಳು ನಾನು. ಅಲ್ಲಿ ಸೂರ್ಯ ಮುಳುಗುವುದು ತೆಂಗಿನ ಗರಿಗಳ ಹಿಂದೆ. ಆ ಹೊತ್ತಿಗೆ ದೀಪ ಹಚ್ಚಿ, ಕಸ ಗುಡಿಸಿ, ಒಲೆ ಮುಂದೆ ಕೂತಿರುತ್ತಿದ್ದೆ. ನೋಡಿದವಳಲ್ಲ. ನಾಲ್ಕಕ್ಕೆ ವ್ಯಾನು ಹೊರಟಿತು.

ಹಾಗಾಗಿ ಡೆಲ್ಫಿನ್ ದಿಬ್ಬದ ಮೇಲೆ ಕೂತಾಗ ನಾನೂ ಅವಳ ಜೊತೆ ಕೂತೆ ಎಂದರೆ ತಪ್ಪಲ್ಲ. ಆದರೂ ಚಿತ್ರ ಮುಗಿದ ಮೇಲೆ ನನ್ನದೊಂದು ತಕರಾರು ಉಳಿಯಿತು. ಆ ಹುಡುಗ ಯಾಕೆ ಬಂದ? ಇಡೀ ರಜ ಒಂಟಿಯಾಗಿ ಅಲೆಸಿ, ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೊಬ್ಬ ಒಳ್ಳೆಯ ಗಂಡಸನ್ನು ತಂದು ಕೂರಿಸಿದ ಮೇಲೆಯೇ ಕಿರಣ ಕಾಣಿಸುತ್ತದೆ. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುವ ನಮ್ಮ ಬಂಧುಗಳಿಗೂ ಈ ನಿರ್ದೇಶಕನಿಗೂ ಇಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೋಡ ಮುಚ್ಚಿದ್ದರೆ? ರೈಲಿಗೆ ತಡವಾಗಿದ್ದರೆ? ಆ ಚಿತ್ರವನ್ನು ನೋಡಲು ನನಗೆ ಇನ್ನೂ ಆಸೆ. ಮಗಳು ಒಪ್ಪಲಿಲ್ಲ. ಅವಳು ಹುಡುಗನ ಕಡೆ ನೋಡುವುದೇ ಇಲ್ಲ, ಕಡಲನ್ನೇ ನೋಡುತ್ತಾಳೆ, ಗಮನಿಸು ಎಂದು ಆ ಭಾಗವನ್ನು ಮತ್ತೆ ಹಾಕಿದಳು. ಗಮನಿಸಿದೆ. ಅಲ್ಲಿ ಅವಳ ಮಾತು ಸ್ವಲ್ಪ ನಿಜ.

ಕಾರಂತರ 'ಮರಳಿ ಮಣ್ಣಿಗೆ' 1941ರ ಕಾದಂಬರಿ. ಅದರ ಪಾರೋತಿ, ಸರಸೋತಿಯರನ್ನು ಕಾಲೇಜಿನಲ್ಲಿ ಓದುವಾಗ ಅಯ್ಯೋ ಪಾಪ ಎಂದುಕೊಂಡಿದ್ದೆ. ಈಗ ಬೇರೆಯೇ ತೋರುತ್ತದೆ. ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ಬಾಳಿದವರು ಅವರು, ಬೆಳಗಿನಿಂದ ಬೈಗಿನವರೆಗೆ ದುಡಿತ. ಕಡಲನ್ನು ಸುಮ್ಮನೆ ನೋಡುತ್ತಾ ಕೂರುವ ಪುರುಸೊತ್ತು ಆ ಮನೆಗೆ ಬರುವುದು ಮೂರನೆಯ ತಲೆಮಾರಿಗೆ, ರಾಮನ ಕಾಲಕ್ಕೆ. ಅವನು ಮೊಮ್ಮಗ. ಮೊಮ್ಮಗಳಾಗಿದ್ದರೆ ಕಾರಂತರು ಅವಳನ್ನು ಒಬ್ಬಳೇ ದಡದಲ್ಲಿ ಕೂರಿಸುತ್ತಿದ್ದರೇ ಎಂದು ಕೇಳುವ ಧೈರ್ಯ ನನಗೆ ಈಗ ಬಂದಿದೆ.

ಕಂಪ್ಯೂಟರು ಮುಚ್ಚಿ ಮಗಳು ಕೇಳಿದಳು: "ಅಮ್ಮಾ, ಮಲ್ಪೆಯಿಂದ ಬರ್ತಾ ನೀನು ಉಡುಪಿ ದಾಟೋವರೆಗೂ ವ್ಯಾನಿನಲ್ಲಿ ಹಿಂದಕ್ಕೆ ತಿರುಗಿಕೊಂಡೇ ಕೂತಿದ್ದೆಯಲ್ಲ, ಯಾಕೆ?" ಆಗ ಅವಳಿಗೆ ಒಂಬತ್ತು ವರ್ಷ.

"ಹಿಂದುಗಡೆ ಒದ್ದೆ ಬಟ್ಟೆ ಗಂಟಿತ್ತಲ್ಲ, ಬಿದ್ದುಹೋಗುತ್ತೆ ಅಂತ" ಎಂದೆ.

"ಹೌದಾ" ಎಂದಳು. ನಂಬಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಡಿಸೆಂಬರಿನಲ್ಲಿ ಮತ್ತೆ ಗೋಕರ್ಣಕ್ಕೆ ಹೋಗುತ್ತೇನೆ, ನೀನೂ ಬಾ, ಅಪ್ಪನಿಗೆ ಹೇಳುವುದು ನನ್ನ ಜವಾಬ್ದಾರಿ ಎಂದಳು. ಡಿಸೆಂಬರಿನಲ್ಲಿ ಕಾಯಿ ಕೆಡವಿಸುವುದಿದೆಯೋ ಏನೋ, ಕೇಳಬೇಕು. ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ. ಹಾಸಿಗೆ ಹಾಸುತ್ತಾ, ಆಗ ಅಲ್ಲಿ ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ ಎಂದು ಮಾತ್ರ ಕೇಳಿದೆ.

"ಆರು ದಾಟಿದ ಮೇಲೆ" ಎಂದಳು.