13 ದಾಟಿದ ಕೋಣ, ಐದು ಸೀಟಿಯ ಕುಕ್ಕರ್

ಈ ವಾರ ಮಾಂಸ, ಬೇಳೆ ಕೂಡಿಸಿ ಮಾಡುವ ದಾಲ್ಚಾ ಬರೆಯುತ್ತೇನೆಂದು ಮಾತು ಕೊಟ್ಟಾಗಿದೆ, ಪುಟ ಕಟ್ಟುವವರ ಫೋನೂ ಬಂದಾಗಿದೆ. ಈರುಳ್ಳಿ ಎಷ್ಟು ಕೆಂಪಾಗಬೇಕು, ಮಸಾಲೆ ಯಾವಾಗ ಬೀಳಬೇಕು ಎಂಬುದು ಈ ಅಂಕಣದ ಹಳಬರಿಗೆ ಗೊತ್ತಿರುವುದೇ. ನೇರ ಮಾಂಸಕ್ಕೆ ಬರೋಣ.

ದಾವಣಗೆರೆಯ ಆಜಾದ್ ನಗರದಲ್ಲಾಗಲಿ ಹರಿಹರದಲ್ಲಾಗಲಿ ಇವತ್ತು ಕಾನೂನಿನ ಪ್ರಕಾರ ‘ಬಡೇ ಕಾ’, ಅಂದರೆ ದೊಡ್ಡ ಪ್ರಾಣಿಯದು, ಎಂದು ಸಿಗಬಹುದಾದದ್ದು ಎಮ್ಮೆ ಕೋಣಗಳ ಮಾಂಸ ಮಾತ್ರ. 1964ರ ಗೋಹತ್ಯೆ ನಿಷೇಧ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಹೋರಿಗಳಿಗೂ ಅವಕಾಶವಿತ್ತು. 2020ರ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ ಉಳಿದಿರುವುದು 13 ದಾಟಿದ ಎಮ್ಮೆ, ಕೋಣ; ಅದಕ್ಕೂ ಅಧಿಕಾರಿಯ ಪ್ರಮಾಣಪತ್ರ ಬೇಕು. ಇದರ ಸರಿತಪ್ಪನ್ನು ಮುಖಪುಟದವರು ಬರೆದುಕೊಳ್ಳಲಿ. ನನ್ನ ಪಾಲಿಗೆ ಬಂದಿರುವುದು ಅಡಿಗೆಮನೆಯ ಪರಿಣಾಮ: ಕಾನೂನು ಒಪ್ಪಿದ ಪ್ರಾಣಿ ಎಂದರೆ ಮುದಿ ಪ್ರಾಣಿ. ಕೊಬ್ಬು ಕಡಿಮೆ, ಇದ್ದರೂ ಬಿಳಿ ಬಿಳಿ. ಎಳೆಗಳು ದಪ್ಪ, ಎಳೆಗಳನ್ನು ಬಿಗಿದ ಬಿಳಿ ಜಾಲ ಇನ್ನೂ ಗಟ್ಟಿ. ಇಂಥದ್ದಕ್ಕೆ ಬೇಕಾದ್ದು ಹೊತ್ತು. ನಮ್ಮವರು ಕೊಡುವುದು ಐದು ಸೀಟಿ.

ಕುಕ್ಕರಿನವರ ಜೊತೆ ನನ್ನ ಜಗಳ ಹಳೆಯದು. ‘ಮಾಂಸ ಮೆತ್ತಗಾಯಿತಲ್ಲ, ಇನ್ನೇನು?’ ಎನ್ನುತ್ತಾರೆ. ಮೆತ್ತಗಾಗುವುದು ನಿಜ. ಆ ಬಿಳಿ ಜಾಲ 70ರಿಂದ 80 ಡಿಗ್ರಿಯ ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದರೆ ಕರಗಿ ಅಂಟಾಗುತ್ತದೆ, ರಸಕ್ಕೆ ಮೈ ಬರುವುದು ಅದರಿಂದಲೇ. ಕುಕ್ಕರಿನೊಳಗೆ ಬಿಸಿ 120ರ ಸುತ್ತ ಇರುವುದರಿಂದ ಜಾಲ ಬೇಗ ಕರಗುತ್ತದೆ, ಒಪ್ಪಿದೆ. ಆದರೆ ಅಷ್ಟು ಬಿಸಿಗೆ ಮಾಂಸದ ಎಳೆಗಳು ತಮ್ಮ ನೀರನ್ನೆಲ್ಲ ಹಿಂಡಿ ಹೊರಗೆ ಹಾಕುತ್ತವೆ. ತಟ್ಟೆಗೆ ಬಂದ ತುಂಡು ಬೆರಳಿಗೆ ಬಿಚ್ಚಿಕೊಳ್ಳುತ್ತದೆ, ಬಾಯಲ್ಲಿ ಸೆಣಬು. ಕೊಬ್ಬಿಲ್ಲದ ಕೋಣದಲ್ಲಂತೂ ಮುಚ್ಚಿಡಲು ಏನೂ ಇಲ್ಲ.

ಇನ್ನೊಂದು ಪಂಗಡ ಟಿವಿ ಬಾಣಸಿಗರದು. ‘ಮೊದಲು ಜೋರು ಉರಿಯಲ್ಲಿ ಹುರಿದು ರಸವನ್ನು ಒಳಗೇ ಬಂಧಿಸಿ’ ಎಂದು ಇವತ್ತಿಗೂ ಹೇಳುತ್ತಾರೆ. ಇದು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 19ನೇ ಶತಮಾನದಲ್ಲಿ ಹಬ್ಬಿಸಿದ ನಂಬಿಕೆ, ಸುಳ್ಳೆಂದು ಎಂದೋ ತೀರ್ಮಾನವಾಗಿದೆ. ಹುರಿಯಿರಿ, ಬಣ್ಣ ಪರಿಮಳ ಬರುತ್ತದೆ. ರಸ ಬಂಧಿಯಾಗುವುದಿಲ್ಲ, ಬಾಣಲೆಯ ಚುರ್ ಸದ್ದು ರಸ ಓಡಿಹೋಗುತ್ತಿರುವ ಸದ್ದೇ.

ಹಳೆಯ ಗ್ರಂಥಗಳಲ್ಲಿ ದಾರಿ ಇದೆಯೇ ಎಂದರೆ, ಜೈನ ಮಂಗರಸನ ಸೂಪಶಾಸ್ತ್ರ ಮಾಂಸದ ತಂಟೆಗೇ ಹೋಗುವುದಿಲ್ಲ. ಕಲ್ಯಾಣದ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಆಮೆ, ಹೊಲದ ಇಲಿಯವರೆಗೂ ಅಡಿಗೆ ಉಂಟು. ಆದರೆ ಅದು ಅರಮನೆಯ ಪಾಕ, ಗೇದು ಸವೆದ ಕೋಣದ ಪಾಡು ಅಲ್ಲಿಯ ಬಾಣಸಿಗನಿಗೆ ಏಕೆ ಬೇಕು? ಈ ವಿಷಯಕ್ಕೆ ನನ್ನ ಮೆಚ್ಚಿನ ಓದು ಲಂಡನ್ನಿನ ಜಾನ್ ಎವೆಲಿನ್ ಎಂಬಾತನ ದಿನಚರಿ, 1682ರ ಏಪ್ರಿಲ್ 12ರ ಪುಟ. ಅದಕ್ಕೆ ಮೂರು ವರ್ಷ ಮೊದಲು, 1679ರಲ್ಲಿ, ಡೆನಿ ಪಾಪಾನ್ ಎಂಬ ಫ್ರೆಂಚ್ ವಿಜ್ಞಾನಿ ಉಗಿ ಹೊರಹೋಗದಂತೆ ಬಿಗಿ ಮುಚ್ಚಳದ ಒಂದು ಪಾತ್ರೆ ಮಾಡಿದ್ದ. ಇವತ್ತಿನ ಕುಕ್ಕರಿನ ಮುತ್ತಾತ. ಅದರಲ್ಲೇ ಬೇಯಿಸಿದ ರಾತ್ರಿಯೂಟವನ್ನು ರಾಯಲ್ ಸೊಸೈಟಿಯ ಪಂಡಿತರಿಗೆ ಬಡಿಸಿದ. ಎವೆಲಿನ್ ಬಾಯಿ ಚಪ್ಪರಿಸುತ್ತ ಬರೆಯುತ್ತಾನೆ: ದನದ, ಕುರಿಯ ಗಟ್ಟಿ ಎಲುಬುಗಳು ಗಿಣ್ಣಿನಷ್ಟು ಮೃದುವಾಗಿದ್ದವಂತೆ, ಖರ್ಚಾದ ಇದ್ದಿಲು ಬಲು ಸ್ವಲ್ಪವಂತೆ, ಮೀನಿನ ಮುಳ್ಳೂ ತೊಡಕಿಲ್ಲದೆ ಇಳಿಯಿತಂತೆ. ಎಲುಬಿನ ರಸದಿಂದ ಕಟ್ಟಿದ ಜೆಲ್ಲಿ ಅವನು ಕಂಡದ್ದರಲ್ಲೇ ಉತ್ತಮ. ಪಾರಿವಾಳವೂ ಅವನಿಗೆ ಹಿಡಿಸಿತ್ತು.

ಎಳೆ ಹಕ್ಕಿಯ ಮಾತು ಬಿಡಿ. ಪಂಡಿತರು ಬೆರಗಾದದ್ದು ಎಲುಬಿಗೆ. ಆ ಪಾತ್ರೆ ಹುಟ್ಟಿದ್ದೇ ಎಲುಬಿಗಾಗಿ, ನಾವು ಅದಕ್ಕೆ ಮಾಂಸ ತುಂಬುತ್ತಿದ್ದೇವೆ. 1941ರಿಂದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ತಯಾರಿಸಿದ ಹರಿಹರದವರಿಗೆ ಯಾವ ಯಂತ್ರ ಯಾವ ಕೆಲಸಕ್ಕೆಂದು ನಾನು ಹೇಳಿಕೊಡಬೇಕೇ?

ಆದ್ದರಿಂದ ಕಸಾಯಿಯವನ ಹತ್ತಿರ ಕಾಲಿನ ನಳ್ಳಿ ಭಾಗ ಕೇಳಿ, ಎಲುಬು ಬೇರೆ, ಮಾಂಸ ಬೇರೆ ಕಟ್ಟಿಸಿ. ಎಲುಬು ಕುಕ್ಕರಿಗೆ, ಒಂದು ಗಂಟೆ. ಆ ರಸವನ್ನು ಸೋಸಿ ದಪ್ಪ ತಳದ ಪಾತ್ರೆಯಲ್ಲಿರುವ ಮಾಂಸಕ್ಕೆ ಹೊಯ್ಯಿರಿ. ಒಂದು ಕಿಲೋಗೆ ಮೂರರಿಂದ ನಾಲ್ಕು ಗಂಟೆ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿ. ಕುದಿಸಿದಿರೋ, ಕುಕ್ಕರಿನವರ ಪಂಗಡ ಸೇರಿದಿರಿ.

ತರಕಾರಿ, ಬೇಳೆ ಕೆಡುವುದು ಹುಳಿಯಿಂದ. ಕಾಲು ಕಿಲೋ ಕಡಲೆಬೇಳೆಯನ್ನು ಬೇರೆಯಾಗಿಯೇ ಬೇಯಿಸಿ ಮಸೆಯಿರಿ. ಹುಣಸೆಹಣ್ಣು ಅಥವಾ ಟೊಮ್ಯಾಟೊ ಮೊದಲೇ ಬಿದ್ದರೆ ಬೇಳೆ ಸಾಯಂಕಾಲದವರೆಗೂ ಕಲ್ಲು. ಬೋರಿನ ಗಡಸು ನೀರೂ ಅದೇ ಕಿತಾಪತಿ ಮಾಡುತ್ತದೆ. ಬೇಳೆಗೆ ನಲ್ಲಿಯ ಹೊಳೆ ನೀರು ಇಟ್ಟುಕೊಳ್ಳಿ, ಸೋಡಾ ಚಿಟಿಕೆಯ ಅಡ್ಡದಾರಿ ಬೇಡ. ಅರ್ಧ ಕಿಲೋ ಸೋರೆಕಾಯಿ ದೊಡ್ಡ ಹೋಳಾಗಿ ಕೊನೆಯ 20 ನಿಮಿಷಕ್ಕೆ. ಅದು ಬೆಂದ ಮೇಲೆ ಹುಣಸೆ ರಸ. ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬಕ್ಕೆ ಹರಿಹರದಲ್ಲಿ ನಂಟರನ್ನು ಕರೆದು ಮೆಣಸು, ಚಕ್ಕೆ, ಲವಂಗದ ಸ್ಟ್ಯೂ ಮಾಡುವವರಿಗೂ ಲೆಕ್ಕ ಇದೇ: ಗಜ್ಜರಿ, ಆಲೂಗಡ್ಡೆ ಕೊನೆಯ ಅರ್ಧ ಗಂಟೆಯ ಅತಿಥಿಗಳು. ಮಾಂಸದ ಜೊತೆಗೇ ಹಾಕಿದರೆ ಸಿಗುವುದು ಗಂಜಿ.

ದಾಲ್ಚಾಕ್ಕೆ ಬಗಾರಾ ಅನ್ನವೇ ಜೋಡಿ ಎಂದು ಪತ್ರಗಳು ಬರುತ್ತವೆ, ಬರಲಿ. ಅಂಟಿನ ರಸವನ್ನು ಅನ್ನ ಕುಡಿದುಬಿಡುತ್ತದೆ, ಜೋಳದ ರೊಟ್ಟಿ ಎತ್ತಿ ತರುತ್ತದೆ. ಸುತ್ತಲ ಹೊಲದಲ್ಲೆಲ್ಲ ಕೋಳಿಯ ಮೇವಿಗೆಂದು ಮೆಕ್ಕೆಜೋಳ ತುಂಬಿ, ಬಿಳಿಜೋಳ ತುಟ್ಟಿಯಾಗಿರುವ ಕಾಲದಲ್ಲೂ ನನ್ನ ಮತ ರೊಟ್ಟಿಗೇ.

ಭಾನುವಾರದ ಊಟಕ್ಕೆ ಶನಿವಾರ ಸಂಜೆಯೇ ಮಾಂಸ ಬೇಯಿಸಿ, ಆರಿಸಿ, ಫ್ರಿಜ್ಜಿಗಿಡಿ. ಬೆಳಿಗ್ಗೆ ಮೇಲೆ ಕಟ್ಟಿದ ಕೊಬ್ಬನ್ನು ತೆಗೆದು, ಬೇಳೆ ಬೆರೆಸಿ, ಆಮೇಲೆ ಸೋರೆಕಾಯಿ ಹೆಚ್ಚಿ.