ಯಾರ ದೆವ್ವ? ಯಾರ ಭಯ?

ಎಂ.ಎ. ಓದುವಾಗ ಎಂ.ಆರ್. ಜೇಮ್ಸ್‌ನ ದೆವ್ವದ ಕತೆಗಳನ್ನು ಪಾಠ ಮಾಡಿದ ಮೇಷ್ಟ್ರೊಬ್ಬರು, 'ಇವು ಶುದ್ಧ ಭಯದ ಕತೆಗಳು ಕಣ್ರೀ, ಇಲ್ಲೂ ನಿಮ್ಮ ಜಾತಿ ರಾಜಕೀಯ ಹುಡುಕಬೇಡಿ' ಅಂದಿದ್ದರು. ನಾನು ಹುಡುಕಲಿಲ್ಲ. ನೋಟ್ಸ್ ಬರೆದುಕೊಂಡೆ, ಪಾಸಾದೆ. ಈಗ ನಾನೇ ಬಿ.ಎ. ಮಕ್ಕಳೆದುರು ಆ ಕತೆ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು: 'ಸಾರ್, ಇದ್ರಲ್ಲಿ ದೆವ್ವ ಆಗೋರೆಲ್ಲ ಬಡವರೇ ಯಾಕೆ?' ಅವತ್ತು ಬೆಲ್ಲು ಹೊಡೆದದ್ದರಿಂದ ಬಚಾವಾದೆ.

ಜೇಮ್ಸ್ (1862–1936) ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಮುಖ್ಯಸ್ಥನಾಗಿದ್ದವನು, ಹಸ್ತಪ್ರತಿಗಳ ದೊಡ್ಡ ಪಂಡಿತ. ಕ್ರಿಸ್‌ಮಸ್ ರಾತ್ರಿಗಳಲ್ಲಿ ಗೆಳೆಯರನ್ನೂ ಶಿಷ್ಯರನ್ನೂ ಕೋಣೆಯಲ್ಲಿ ಕೂರಿಸಿಕೊಂಡು ಮೋಂಬತ್ತಿಯ ಬೆಳಕಲ್ಲಿ ಕತೆ ಓದುತ್ತಿದ್ದ. 1904ರಲ್ಲಿ ಬಂದ ಅವನ ಮೊದಲ ಸಂಕಲನದಲ್ಲೇ 'ಲಾಸ್ಟ್ ಹಾರ್ಟ್ಸ್' ಇದೆ. ಲಿಂಕನ್‌ಶೈರಿನ ಒಂದು ಬಂಗಲೆ, ಕಾಲ 1811. ಒಡೆಯ ಆಬ್ನಿ ಪ್ರಾಚೀನ ಪಂಥಗಳ ವಿದ್ವಾಂಸ. ಮಗುವಿನ ಹೃದಯ ಕಿತ್ತು ಸೇವಿಸಿದರೆ ಅತಿಮಾನುಷ ಶಕ್ತಿ ಬರುತ್ತದೆಂದು ಹಳೆಯ ಗ್ರಂಥಗಳಲ್ಲಿ ಓದಿದ್ದಾನೆ. ಬರೀ ಓದಿ ಬಿಟ್ಟವನಲ್ಲ. ಮೊದಲು ಒಂದು ಜಿಪ್ಸಿ ಹುಡುಗಿ, ಆಮೇಲೆ ತಿರುಗಣೆ ವಾದ್ಯ ನುಡಿಸಿಕೊಂಡು ಬೀದಿ ಅಲೆಯುವ ಇಟಲಿಯ ಹುಡುಗ. ಮೂರನೆಯದಾಗಿ ಅವನ ಕಣ್ಣು ತನ್ನದೇ ಸಂಬಂಧದ ಅನಾಥ ಹುಡುಗ ಸ್ಟೀಫನ್‌ನ ಮೇಲಿದೆ. ಇಂಥವರೇ ಯಾಕೆ ಅಂದರೆ, ಅವರು ಕಾಣೆಯಾದರೆ ಸಮಾಜದಲ್ಲಿ ಯಾರಿಗೂ ಕೊರತೆ ಅನ್ನಿಸುವುದಿಲ್ಲ ಎಂದು ಅವನೇ ತನ್ನ ಟಿಪ್ಪಣಿಯಲ್ಲಿ ಲೆಕ್ಕ ಹಾಕಿಟ್ಟಿದ್ದಾನೆ. ಇದು ಹುಚ್ಚನ ಮಾತಲ್ಲ. ಊರಿನ ಸಾಮಾಜಿಕ ರಚನೆಯನ್ನು ಚೆನ್ನಾಗಿ ಬಲ್ಲವನ ಮಾತು.

ಮನೆಗೆಲಸದ ಮಿಸೆಸ್ ಬಂಚ್ ಆ ಎರಡು ಮಕ್ಕಳ ಬಗ್ಗೆ ಸ್ಟೀಫನ್‌ಗೆ ಹೇಳುವ ಮಾತುಗಳನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಹುಡುಗಿ ಕಾಣೆಯಾದಾಗ ಒಡೆಯರು ಬಹಳ ನೊಂದುಕೊಂಡರಂತೆ, ಕೆರೆಗಳನ್ನೆಲ್ಲ ಜಾಲಾಡಿಸಿದರಂತೆ. ಕೊಂದವನೇ ಹುಡುಕಿಸುತ್ತಾನೆ, ಆಳುಗಳು ಅವನ ಕರುಣೆಯನ್ನು ಕೊಂಡಾಡುತ್ತಾರೆ. ಜಿಪ್ಸಿಗಳೇ ಬಂದು ಕರಕೊಂಡು ಹೋಗಿರಬೇಕು ಎಂಬುದು ಅಡುಗೆಮನೆಯ ತೀರ್ಮಾನ. ಅಂದರೆ ಸತ್ತವಳ ಜನರ ಮೇಲೇ ಅಪವಾದ! ನಮ್ಮ ಹಳ್ಳಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳು ದೆವ್ವಗಳಾಗಿ ಬರುತ್ತವೆ. ಆ ಹುಡುಗನ ಎದೆಯಲ್ಲಿ ತೂತು, ಕೈಯಲ್ಲಿ ಉದ್ದುದ್ದ ಉಗುರು. ಆದರೆ ಬಾಯಲ್ಲಿ ಒಂದು ಮಾತೂ ಇಲ್ಲ. ಸ್ಟೀಫನ್‌ನ ತಲೆಯೊಳಗೆ ಹಸಿದ ಕೂಗೊಂದು ಕೇಳಿದಂತಾಗುತ್ತದೆ, ಅಷ್ಟೆ. ಕೊನೆಗೆ ಆಬ್ನಿ ತನ್ನ ಕುರ್ಚಿಯಲ್ಲೇ ಎದೆ ಸೀಳಿಸಿಕೊಂಡು ಸತ್ತು ಬಿದ್ದಿರುತ್ತಾನೆ. ವಿಚಾರಣೆ ಮಾಡಿದ ಅಧಿಕಾರಿ ಇದು ಯಾವುದೋ ಕಾಡುಪ್ರಾಣಿಯ ಕೆಲಸ ಎಂದು ಬರೆದು ಮುಗಿಸುತ್ತಾನೆ. ಸೇಡು ತೀರಿಸಿಕೊಂಡರೂ ದಾಖಲೆಯಲ್ಲಿ ಅವರು ಮನುಷ್ಯರಲ್ಲ. ಇನ್ನು ಕೊಲೆಗಳ ಸತ್ಯ ಓದುಗನಿಗೆ ತಿಳಿಯುವುದು ಎಲ್ಲಿಂದ? ಕೊಲೆಗಾರ ಬಿಟ್ಟುಹೋದ ಕಾಗದಪತ್ರದಿಂದ. ನಮ್ಮವರ ಚರಿತ್ರೆಯನ್ನು ಜಮೀನ್ದಾರರ ಕಡತ, ಮಠದ ಲೆಕ್ಕಪುಸ್ತಕಗಳಲ್ಲಿ ಹುಡುಕುವ ನಾವು ಯಾವ ಸಂಕಟದಲ್ಲಿದ್ದೇವೋ ಅದು ಈ ಕತೆಯ ರಚನೆಯಲ್ಲೇ ಇದೆ. ಜೇಮ್ಸ್‌ಗೆ ಇದು ಗೊತ್ತಿತ್ತೇ? ಗೊತ್ತಿದ್ದರೂ ಅವನಿಗೆ ಬೇಕಾಗಿದ್ದದ್ದು ಬೆನ್ನುಹುರಿಯ ಚಳುಕು ಮಾತ್ರ. ಆದರೂ ಅವನನ್ನು ನಾನು ಎಸೆಯಲಾರೆ. ವಿದ್ವತ್ತೇ ಕೊಲೆಯ ಆಯುಧವಾಗಬಲ್ಲದು ಎಂದು ಒಬ್ಬ ವಿದ್ವಾಂಸನೇ ಬರೆದಿದ್ದಾನಲ್ಲ, ಅದು ಸಣ್ಣ ಮಾತಲ್ಲ.

ಇಂಗ್ಲೆಂಡಿನ ಜನಪದ ಈ ಕೋಣೆಯ ಆಚೆಗಿತ್ತು. ಆತ್ಮಹತ್ಯೆ ಮಾಡಿಕೊಂಡವರನ್ನು ಅಲ್ಲಿ ಇಗರ್ಜಿಯ ಮಣ್ಣಿಗೆ ಸೇರಿಸದೆ ಕೂಡುರಸ್ತೆಯಲ್ಲಿ ಹೂಳುತ್ತಿದ್ದರು. ಅದು ಕಾನೂನಿನಿಂದ ನಿಂತದ್ದು 1823ರಲ್ಲಿ. ಡಾರ್ಟ್‌ಮೂರಿನಲ್ಲಿ, ಮ್ಯಾನಟನ್ ಹಳ್ಳಿಯ ಹತ್ತಿರ ಜೇಯ್ಸ್ ಗ್ರೇವ್ ಅಂತ ಒಂದು ಗೋರಿ ಇದೆ. ಅನಾಥಾಲಯದಿಂದ ಹೊಲಮನೆಯ ಚಾಕರಿಗೆ ಬಂದ ಹುಡುಗಿ, ಮೋಸಹೋಗಿ ಬಸುರಾಗಿ ನೇಣು ಹಾಕಿಕೊಂಡಳು ಎನ್ನುತ್ತದೆ ಐತಿಹ್ಯ. 1860ರ ಸುಮಾರಿಗೆ ಅಲ್ಲಿ ಅಗೆದಾಗ ಮೂಳೆ ಸಿಕ್ಕವು. ಪೆಟ್ಟಿಗೆಯಲ್ಲಿಟ್ಟು ಮತ್ತೆ ಅಲ್ಲೇ ಹೂತರು. ಆ ಗೋರಿಯ ಮೇಲೆ ಇವತ್ತಿಗೂ ಯಾರೋ ಹೂವಿಡುತ್ತಾರೆ. ಪಂಡಿತನ ಕತೆಯಲ್ಲಿ ಸತ್ತ ಮಗುವಿಗೆ ಉಗುರು, ಜನರ ಕತೆಯಲ್ಲಿ ಹೂವು.

ಇಷ್ಟು ಹೇಳಿದ ಕೂಡಲೇ ನಮ್ಮ ಜಾನಪದದ ಗೆಳೆಯರು ತುಳುನಾಡಿನ ಕಡೆ ಕೈ ತೋರಿಸುತ್ತಾರೆ. ನಿಜ, ಅಲ್ಲಿ ಅನ್ಯಾಯಕ್ಕೆ ಸಿಕ್ಕವರು ದೆವ್ವವಾಗಲಿಲ್ಲ, ದೈವವಾದರು. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಎಡಗೈ, ಬಲಗಾಲನ್ನು ಅರಸ ಕಡಿಸಿದ ಎನ್ನುತ್ತದೆ ಪಾಡ್ದನ; ತಂಗಿ ಕಲ್ಲುರ್ಟಿ ಅರಸನಿಗೆ ಬೆಂಕಿಯಾದಳು. (ಕಲ್ಕುಡ ಕಲ್ಲುಕುಟಿಗ, ದಲಿತನಲ್ಲ. ದಲಿತ ದೈವ ಬೇಕಾದರೆ ಕೊರಗತನಿಯ ಇದ್ದಾನೆ.) ಈ ಸತ್ತವರಿಗೆ ಬಾಯಿದೆ, ಜೇಮ್ಸ್‌ನ ಮಕ್ಕಳಿಗಿಲ್ಲದ ಬಾಯಿ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ.ಸಿ. ಬರ್ನೆಲ್ ಆ ಬಾಯಿಯ ಮಾತನ್ನು ಕೂಡಿಸಿಟ್ಟ. ಅವನು ತೀರಿದ್ದು 1882ರಲ್ಲಿ. 1894ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅದು ಅಚ್ಚಾದಾಗ ಕೊಟ್ಟ ಹೆಸರು 'ತುಳುವರ ಡೆವಿಲ್ ವರ್ಶಿಪ್'. ನ್ಯಾಯ ಕೇಳಿದವರು ಇಂಗ್ಲಿಷಿಗೆ ಹೋದದ್ದೇ ದೆವ್ವಗಳಾದರು!

ಆದರೆ ಬರ್ನೆಲ್‌ನನ್ನು ಬೈದು ಕೈ ತೊಳೆದುಕೊಳ್ಳುವ ನಮ್ಮ ದೇಸಿವಾದದ ಬಗ್ಗೆಯೂ ನನಗೆ ತಕರಾರಿದೆ. ನೇಮದ ರಾತ್ರಿ ದೈವದೆದುರು ಕೈ ಮುಗಿದು ನಿಲ್ಲುವ ಗುತ್ತಿನ ಒಡೆಯ, ಬಣ್ಣ ತೊಳೆದ ಪಂಬದನನ್ನೋ ನಲಿಕೆಯವನನ್ನೋ ಬೆಳಿಗ್ಗೆ ಎಲ್ಲಿ ಕೂರಿಸುತ್ತಾ ಬಂದಿದ್ದಾನೆ? ಒಂದು ರಾತ್ರಿಯ ಮಾತನ್ನು ಪ್ರತಿರೋಧ ಎಂದು ಕರೆದು ಪ್ರಬಂಧ ಮಂಡಿಸುವುದು ಸುಲಭ. ನಾನೂ ಒಂದು ಮಂಡಿಸಿದ್ದೇನೆ, ಸೆಮಿನಾರಿನಲ್ಲಿ ಊಟ ಚೆನ್ನಾಗಿತ್ತು.

ನಮ್ಮೂರಲ್ಲಿ ಒಂದು ಹಾಳುಬಾವಿ ಇದೆ. ಅದರಲ್ಲಿ ಮೋಹಿನಿ ಇದೆ ಅಂತ ಮೇಲುಕೇರಿಯ ಮಕ್ಕಳು ಹೊತ್ತು ಮುಳುಗಿದ ಮೇಲೆ ಆ ಕಡೆ ಸುಳಿಯುವುದಿಲ್ಲ. ಅದರಲ್ಲಿ ಬಿದ್ದು ಸತ್ತವಳು ನಮ್ಮಜ್ಜಿಯ ತಂಗಿ. ಊರ ದೊಡ್ಡಮನೆಯೊಂದರಲ್ಲಿ ಜೀತಕ್ಕಿದ್ದಳು. ಬಿದ್ದಳೋ ಬೀಳಿಸಿದರೋ ಯಾರೂ ಕೇಳಲಿಲ್ಲ. ನಮ್ಮ ಕೇರಿಯಲ್ಲಿ ಯಾರೂ ಅವಳನ್ನು ದೆವ್ವ ಅಂದದ್ದನ್ನು ನಾನು ಕೇಳಿಲ್ಲ. ಹುಡುಗನಾಗಿದ್ದಾಗ ನಾನೊಮ್ಮೆ ಆ ಬಾವಿ ಕಡೆಯಿಂದ ಹೆದರಿ ಓಡಿ ಬಂದಿದ್ದೆ. ಅಜ್ಜಿ ಕೆನ್ನೆಗೆ ಬಾರಿಸಿ, 'ನಿಮ್ಮ ಚಿಕ್ಕಜ್ಜಿ ಕಣೋ ಅವ್ಳು, ನೀನ್ಯಾಕ್ಲಾ ಹೆದರ್ಕೋತೀಯ, ಹೆದರ್ಕಳೋರು ಅವ್ರು' ಅಂದಿದ್ದಳು.